ಹಿತ್ತಲ ಬಾಗಿಲಿನಿಂದ ಬಂದವರು

ಸೇಡಮಿನಲ್ಲಿ ನಾವಿದ್ದ ಮನೆ ಸರಕಾರಿ ದವಾಖಾನೆಯ ಗೋಡೆಗೆ ಅಂಟಿಕೊಂಡೇ ಇತ್ತು. ನಮ್ಮ ಮನೆಯವರು ಹೆಲ್ತ್ ಇನ್ಸ್‌ಪೆಕ್ಟರ್; ವಾರದ ಹೆಚ್ಚಿನ ದಿನ ಸೈಕಲ್ ಮೇಲೆ ಹಳ್ಳಿ ಸುತ್ತುತ್ತಿದ್ದರು. ಬಾಗಿಲ ಬದಿಗೆ, ನಮಗಿಂತ ಮುಂಚೆ ಇದ್ದವರು ಯಾರೋ, ಎರಡು ಕಲ್ಲುಗಳ ಮೇಲೆ ಒಂದು ಉದ್ದನೆಯ ಫರಸಿ ಅಡ್ಡ ಇಟ್ಟು ಕೂಡುವ ಜಾಗ ಮಾಡಿ ಹೋಗಿದ್ದರು. ಫರಸಿ ಅಂದರೆ ಶಹಾಬಾದಿನ ಗಣಿಗಳಿಂದ ಬರುವ ಚಪ್ಪಟೆ ಕಲ್ಲು. ನಮ್ಮ ಕಡೆ ನೆಲಕ್ಕೂ ಅದೇ, ಮೇಲ್ಛಾವಣಿಗೂ ಅದೇ, ಬಟ್ಟೆ ಒಗೆಯುವುದಕ್ಕೂ ಅದೇ. ದವಾಖಾನೆಯಲ್ಲಿ ‘ಇದು ಇಲ್ಲಿ ಆಗಂಗಿಲ್ಲ’ ಅನ್ನಿಸಿಕೊಂಡು ಹೊರಬಿದ್ದವರು ಬಸ್ಸಿನ ಹೊತ್ತಾಗುವ ತನಕ ಆ ಕಲ್ಲಿನ ಮೇಲೆ ಕೂಡುತ್ತಿದ್ದರು.

ಮೊದಮೊದಲು ನಾನು ಅವರಿಗೆ ಕುಡಿಯಲು ನೀರು ಕೊಡುತ್ತಿದ್ದೆ, ಅಷ್ಟೆ. ನೀರು ಕೊಟ್ಟ ಮೇಲೆ ಏನು, ಎತ್ತ ಎಂದು ಕೇಳದೆ ಒಳಗೆ ಹೋಗಲಾಗುವುದಿಲ್ಲ. ಕೇಳಿದರೆ ಎಲ್ಲರದೂ ಸುಮಾರು ಒಂದೇ ಕತೆ. ಲಕ್ವಾ ಹೊಡೆದು ಹಾಸಿಗೆ ಹಿಡಿದ ತಂದೆ, ಗಣಿಯಲ್ಲಿ ಕಲ್ಲು ಬಿದ್ದು ಸೊಂಟ ಹೋದ ಗಂಡ, ಕಣ್ಣು ಮಂಜಾದ ಅತ್ತೆ. ಜ್ವರವಾದರೆ ಗುಳಿಗೆ ಕೊಟ್ಟಾರು. ವಾಸಿಯಾಗದೆ, ಸಾಯದೆ, ದಿನವೂ ಎತ್ತಿ ಕೂಡಿಸಿ ತೊಳೆದು ಉಣ್ಣಿಸಬೇಕಾದವರಿಗೆ ಯಾವ ಬಾಗಿಲು ಎಂದು ಯಾರಿಗೂ ಗೊತ್ತಿರಲಿಲ್ಲ. ತಹಸೀಲ ಕಚೇರಿಗೆ ಹೋದರೆ ದವಾಖಾನೆಗೆ ಹೋಗಿ ಅನ್ನುತ್ತಿದ್ದರು, ದವಾಖಾನೆಗೆ ಬಂದರೆ ತಹಸೀಲಿಗೆ.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಕೇಳುವುದಕ್ಕೆ ನಾಚಬಾರದು, ಕೇಳಿದ ಮೇಲೆ ಥ್ಯಾಂಕ್ಸ್ ಹೇಳಬೇಕು ಎಂದು ಸಿಸ್ಟರ್‌ಗಳು ಕಲಿಸಿದ್ದರು. ಮೊದಲನೆಯದು ಸೇಡಮಿನ ಕಚೇರಿಗಳಲ್ಲಿ ಉಪಯೋಗಕ್ಕೆ ಬಂತು. ಎರಡನೆಯದನ್ನು ಹೇಳಿದರೆ ಗುಮಾಸ್ತರು ಗಾಬರಿಯಿಂದ ನೋಡುತ್ತಿದ್ದರು. ಹೀಗೆ ಕೇಳಿ ಕೇಳಿ, ಮುದುಕರ ಪಿಂಚಣಿಗೆ ಮೊದಲು ಡಾಕ್ಟರರಿಂದ ವಯಸ್ಸಿನ ಚೀಟಿ, ಆಮೇಲೆ ಊರ ಲೆಕ್ಕದ ತಲಾಟಿ, ಕಡೆಗೆ ತಹಸೀಲು ಎಂಬ ಸಾಲು ತಿಳಿಯಿತು. ಎಲುಬಿನ ಡಾಕ್ಟರು ಶಹಾಬಾದಿಗೆ ಯಾವ ವಾರ ಬರುತ್ತಾರೆ, ಬಗಲ ಕೋಲು ಅಳತೆ ಕೊಟ್ಟು ಎಲ್ಲಿ ಮಾಡಿಸಬೇಕು, ಇದೂ ತಿಳಿಯಿತು. ತಿಳಿದದ್ದನ್ನು ಕಲ್ಲಿನ ಮೇಲೆ ಕೂತವರಿಗೆ ಹೇಳುತ್ತಿದ್ದೆ. ರಾಜ್ಯದ ಹೆಸರು ಬದಲಾದ ಹೊಸದು. ದವಾಖಾನೆಯ ಬೋರ್ಡಿನ ಮೇಲೆ ಪೇಂಟರ್ ‘ಮೈಸೂರು’ ಅಳಿಸಿ ‘ಕರ್ನಾಟಕ’ ಬರೆಯಲು ಏಣಿ ಹತ್ತಿದ್ದವನು ಮಧ್ಯದಲ್ಲಿ ಇಳಿದು ಬಂದು, ತನ್ನ ಅಜ್ಜಿಯ ಕಣ್ಣಿನ ಪೊರೆಯ ವಿಷಯ ಕೇಳಿ ಹೋದದ್ದು ನೆನಪಿದೆ.

ಆ ಕಲ್ಲಿನ ಮೇಲೆ ಒಂದು ಬೆಳಿಗ್ಗೆ ಆಯಿ ಕುಳಿತದ್ದನ್ನು ಕಂಡು ನಾನು ಹೊಸ್ತಿಲಲ್ಲೇ ನಿಂತೆ.

ಆಯಿ ಊರಿಗೆಲ್ಲ ಆಯಿಯೇ. ಬಾಣಂತಿಯರಿಗೂ ಕೂಸುಗಳಿಗೂ ಎರೆಯುವುದು ಆಕೆಯ ಕೆಲಸ. ನನ್ನ ಎರಡೂ ಬಾಣಂತನದಲ್ಲಿ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆಯಲ್ಲಿ ಕೂದಲು ಒಣಗಿಸಿ, ಸೊಂಟಕ್ಕೆ ಬಟ್ಟೆ ಬಿಗಿದು ಮಲಗಿಸಿದವಳು. ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂದಿಲ್ಲ, ಸೇಡಮಿನ ಅರ್ಧ ಊರಿನ ಹೆಂಗಸರ ಬೆನ್ನು ಆಕೆಯ ಅಂಗೈಗೆ ಗೊತ್ತಿತ್ತು. ಬರುವಾಗ ಹಿತ್ತಾಳೆಯ ಒಂದು ಎಣ್ಣೆ ಬಟ್ಟಲನ್ನು ಸೆರಗಿನೊಳಗೆ ಹಿಡಿದು ತರುತ್ತಿದ್ದಳು. ಯಾವ ಮನೆಗೇ ಆಗಲಿ ಹಿತ್ತಲ ಬಾಗಿಲಿನಿಂದ ಬರುವುದು, ಯಾರನ್ನೂ ಮಾತಾಡಿಸದೆ ನೇರ ಬಚ್ಚಲಿಗೆ ಹೋಗಿ ಸೀರೆ ಮೇಲೆ ಸಿಕ್ಕಿಸುವುದು. ಎರೆದು ಮುಗಿಯುವ ತನಕ ಬಾಯಿಗೆ ಒಂದು ಗುಟುಕು ನೀರೂ ಇಲ್ಲ. ಮುಗಿದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಅರ್ಧ ಕಪ್ಪು ಚಹಾ, ಬಸಿಯಲ್ಲಿ ಸುರಿದುಕೊಂಡು. ಅಂಥ ಆಯಿ ಮುಂಬಾಗಿಲ ಕಲ್ಲಿನ ಮೇಲೆ, ಕೇಳಲು ಬಂದವರ ಹಾಗೆ ಕುಳಿತಿದ್ದಳು.

“ಒಳಗ ಬರ್ರಿ ಆಯಿ,” ಎಂದೆ.

“ಇಲ್ಲೇ ಕುಂದರ್ತೀನ್ರಿ ಬಾಯಾರ. ಎಲ್ಲಾರೂ ಇಲ್ಲೇ ಕುಂತ್ಕೊಂಡು ಕೇಳ್ತಾರಲ್ಲ, ನಾನೂ ಕೇಳಾಕ ಬಂದೀನಿ.” ಎಡಗೈಯಿಂದ ಬಲ ರಟ್ಟೆ ಹಿಡಿದುಕೊಂಡಿದ್ದಳು. “ಪೋರಿನ್ನ ಎತ್ತಾಕ ಆಗವಲ್ದು. ರಟ್ಟಿ ಬಿದ್ದು ಹೋಗ್ಯಾವ. ನಿನ್ನಿ ಬಚ್ಚಲದಾಗ ಕೈ ಜಾರಿ ಕೆಡವಿದೆ. ಆಕಿ ನಕ್ಕಳು. ನನಗ ನಗಿ ಬರಲಿಲ್ಲ.”

ಪೋರಿ ಎಂದರೆ ಮಗಳು. ಆಗ ಆಕೆಗೆ ಮೂವತ್ತರ ಆಸುಪಾಸು. ಸಣ್ಣಾಕೆಯಿದ್ದಾಗ ಒಂದು ಜ್ವರ ಬಂದು ಸೊಂಟದ ಕೆಳಗೆ ಎರಡೂ ಕಾಲಿನ ಕಸುವು ಹೋಗಿತ್ತು. ಮಡಚಿದ ಗೋಣಿ ಚೀಲದ ಮೇಲೆ ಕುಳಿತು, ಕೈಯೂರಿ, ಫರಸಿಯ ನೆಲದ ಮೇಲೆ ಜಾರಿಕೊಂಡು ಮನೆಯೊಳಗೆಲ್ಲ ಓಡಾಡುತ್ತಿದ್ದಳು. ಕಿಟಕಿಯಿಂದ ಒಲೆಗೆ, ಒಲೆಯಿಂದ ಹಾಸಿಗೆಗೆ ಆಕೆ ಜಾರಿದ ದಾರಿ ಮಾತ್ರ ಬೇರೆ ನೆಲಕ್ಕಿಂತ ನುಣುಪಾಗಿ, ಬೆಳಕು ಬಿದ್ದರೆ ನೀರಿನ ಹಾಗೆ ಹೊಳೆಯುತ್ತಿತ್ತು. ಕೌದಿ ಹೊಲಿಯುತ್ತಿದ್ದಳು, ಮಾತು ಮಾತಿಗೂ ನಗಿಸುತ್ತಿದ್ದಳು. ಆದರೆ ಬಚ್ಚಲು ಒಂದು ಮೆಟ್ಟಿಲು ಕೆಳಗಿತ್ತು. ಜಳಕಕ್ಕೆ ಎತ್ತಲೇಬೇಕು.

“ವಾಡ್ಯಾಗ ನಮ್ಮ ಅಕ್ಕನ ಮಗ ಇದ್ದಾನಲ್ರಿ, ರೈಲ್ವೇದಾಗ, ಅಂವ ಬಂದಿದ್ದ,” ಎಂದಳು ಆಯಿ. “ಹೈದರಾಬಾದದಾಗ ಒಂದು ಆಶ್ರಮ ಅದಂತ. ಇಂಥವರನ್ನ ಇಟಗೊಂತಾರಂತ. ದೀಪಾವಳಿ ಮುಗದ ಮ್ಯಾಲ ಬಂದು ಕರಕೊಂಡು ಹೋಗ್ತೀನಿ ಅಂದಾನ. ಕೆಟ್ಟಾಂವ ಅಲ್ರಿ ಅಂವ. ಸಣ್ಣವ್ವ, ನೀ ಹೋದ ಮ್ಯಾಲ ಈಕಿನ್ನ ಯಾರು ನೋಡ್ತಾರ ಅಂತ ಕೇಳಿದ.” ರಟ್ಟೆ ಬಿಟ್ಟು ನನ್ನ ಕಡೆ ತಿರುಗಿದಳು. “ಸರಕಾರದಾಗ ಏನರ ಅದ ಏನ್ರಿ, ಆಕಿ ನನ್ನ ಮನ್ಯಾಗೇ ಇರಂಗ?”

ನೋಡುತ್ತೇನೆ ಎಂದೆ. ದೀಪಾವಳಿಗೆ ಇನ್ನೂ ಸಮಯವಿತ್ತು.

ನೋಡಿದೆ ಕೂಡ. ದವಾಖಾನೆಯ ನರ್ಸಮ್ಮ, ತಿಂಗಳಿಗೊಂದೆರಡು ಸಲ ಮನೆಗೇ ಬಂದು ಹುಣ್ಣು ಗಿಣ್ಣು ಆಗಿದೆಯೇ ನೋಡಿ ಹೋಗುತ್ತೇನೆ ಎಂದಳು. ಆಯಿಯ ಪಿಂಚಣಿ ಅರ್ಜಿ ತಲಾಟಿಯ ತನಕ ಹೋಯಿತು. ಶಹಾಬಾದಿನ ಡಾಕ್ಟರು, ಕಾಲಿಗೆ ಇನ್ನು ಮಾಡುವಂಥದ್ದು ಇಲ್ಲ, ಆದರೆ ಭುಜಗಳು ಗಟ್ಟಿಯಿವೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಎದೆಯೆತ್ತರಕ್ಕೆ ಒಂದು ಸರಳು ಹಾಕಿಸಿ ಎಂದರು. ತವರಿಗೆ ಹೋದಾಗ ಕಾನ್ವೆಂಟಿಗೂ ಹೋಗಿ ಬಂದೆ. ವಯಸ್ಸಾದ ಒಬ್ಬ ಸಿಸ್ಟರ್, ಚಾದರವನ್ನು ಉದ್ದಕ್ಕೆ ಮಡಚಿ ಮೈಕೆಳಗೆ ಸೇರಿಸಿ, ಎರಡೂ ಬದಿಗೆ ಒಬ್ಬೊಬ್ಬರು ಹಿಡಿದು ಎತ್ತುವುದನ್ನು ತನ್ನ ಮಂಚದ ಮೇಲೆ ತಾನೇ ಮಲಗಿ ತೋರಿಸಿದರು. ಎಲ್ಲರೂ ಒಂದೊಂದು ತುಣುಕು ಕೊಟ್ಟರು. ಆದರೆ ಬೆಳಗಾದರೆ ಎತ್ತುವವರು ಯಾರು ಎಂಬುದು ಹಾಗೇ ಉಳಿಯಿತು.

“ಸರಕಾರದ ಕೈ ಕಾಗದದ ತನಕ ಬರ್ತದ. ಬಚ್ಚಲದ ತನಕ ಬರಂಗಿಲ್ಲ,” ಎಂದರು ನಮ್ಮ ಮನೆಯವರು, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ. ಅವರೇನೂ ವ್ಯಂಗ್ಯವಾಡಲಿಲ್ಲ. ಅವರೂ ಸರಕಾರವೇ ಆಗಿದ್ದರು.

ಬಚ್ಚಲದ ತನಕ ಹೋಗಬಲ್ಲವರು ನಾವೇ ಎಂದು ಹೊಳೆದದ್ದು ಎದುರು ಮನೆಯ ಆಪಾಗೆ. ಆಕೆಯ ಗಂಡನದು ಬಸ್ ಸ್ಟ್ಯಾಂಡಿನ ಹತ್ತಿರ ಟೇಲರ್ ಅಂಗಡಿ. ಆರು ಮಕ್ಕಳ ತಾಯಿ. ಆರೂ ಸಲ ಆಯಿಯೇ ಎರೆದದ್ದು.

“ಕ್ಯಾ ಬಾಯಿ, ಊರೆಲ್ಲಾ ತಿರುಗಿ ಬಂದಿ,” ಎಂದಳು ತನ್ನ ಹೊಸ್ತಿಲಿನಿಂದಲೇ. “ಆಕಿ ನಮ್ಮನ್ನ ಎತ್ತಿ ಕೂಡಿಸಿ ಎರದಾಳ. ನಾವೇನು ಆಗ ಹಗುರ ಇದ್ದೆವೇನು? ಈಗ ಆಕಿ ಪೋರಿನ್ನ ಎತ್ತಾಕ ನಾಲ್ಕು ಮಂದಿ ಹೆಂಗಸರು ಈ ಗಲ್ಲಿದಾಗ ಇಲ್ಲೇನು?”

ತೊಗರಿ ವ್ಯಾಪಾರದ ಅಡತಿಯವರ ಸೊಸೆಯೂ ನಾನೂ ಬರುತ್ತೇವೆಂದೆವು. ಒಂದು ಸೋಮವಾರ ಬೆಳಿಗ್ಗೆ ಆಪಾ, ನಾನು ಇಬ್ಬರೂ ಹೊರಟೆವು. ನಾನು ಮಡಚಿದ ಚಾದರ ಹಿಡಿದಿದ್ದೆ.

ಹೋಗಿ ನೋಡಿದರೆ ಮುಂಬಾಗಿಲಿಗೆ ನೀರು ಹೊಡೆದು ರಂಗೋಲಿ ಹಾಕಿತ್ತು. ಒಳಗೆ ಹೊಸ ಕೌದಿ ಹಾಸಿತ್ತು. ಒಗೆದ ಸೀರೆ ಉಟ್ಟು ಆಯಿ, “ಬರ್ರಿ, ಬರ್ರಿ, ಕುಂದ್ರಿ,” ಎಂದಳು. ಪಕ್ಕದ ಮನೆಯಿಂದ ಎರವಲು ತಂದ ಕಪ್ಪು ಬಸಿ, ತಟ್ಟೆಯಲ್ಲಿ ಚುರಮುರಿಯ ಸುಸಲಾ. ಮಗಳು ಗೋಡೆಗೆ ಒರಗಿ, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಕುಳಿತಿದ್ದಳು. ಕೂದಲ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಜಳಕ?” ಎಂದೆ.

“ಆತಲ್ರಿ. ನೀವು ಬರೋದ್ರಾಗ ಮುಗಿಸಿಬಿಟ್ಟೆ.”

ಮರುದಿನ ಅಡತಿಯವರ ಸೊಸೆ ಹೋದಳು, ಆಕೆಗೆ ಉಪ್ಪಿಟ್ಟು. ಅದರ ಮರುದಿನ ನಾವು ಇನ್ನೂ ಬೇಗ ಹೋದೆವು. ಆಯಿ ಇನ್ನೂ ಬೇಗ ಎದ್ದಿದ್ದಳು. ಚಾದರ ಮಡಿಕೆ ಬಿಚ್ಚದೆ ಹೋಗಿ, ಮಡಿಕೆ ಬಿಚ್ಚದೆ ಬರುತ್ತಿತ್ತು. ದಾರಿಯಲ್ಲಿ ಆಪಾ, “ಹಿಂಗೇ ಹೋದ್ರ ಈ ಮುದುಕಿ ನಾಳಿನ ಜಳಕ ಇವತ್ತ ಸಂಜೀಕೇ ಮುಗಸ್ತಾಳ ನೋಡು. ನಾವು ಇಲ್ಲಿ ಮದತ್ ಮಾಡಾಕ ಬಂದೀವೋ, ಮೆಹಮಾನ್ ಆಗಿ ಬಂದೀವೋ?” ಎಂದಳು. ಚಹಾ ಬೇಡವೆಂದರೆ ಆಯಿಯ ಮುಖ ಸಣ್ಣದಾಗುತ್ತಿತ್ತು. ಬಂದವರನ್ನು ಬರಿಬಾಯಲ್ಲಿ ಕಳಿಸುವುದು ನಮ್ಮ ಸೀಮೆಯಲ್ಲಿ ಬೈದು ಕಳಿಸಿದ್ದಕ್ಕೆ ಸಮ. ಅದು ನಮಗೂ ಗೊತ್ತಿತ್ತು, ಆದ್ದರಿಂದ ಕುಡಿದೇ ಬರುತ್ತಿದ್ದೆವು.

ವಾಡಿಯಿಂದ ಅಕ್ಕನ ಮಗ ಮತ್ತೆ ಬಂದದ್ದು ಅದೇ ದಿನಗಳಲ್ಲಿ. ಎತ್ತರದ, ಮೆಲುಮಾತಿನ ಮನುಷ್ಯ. ಹಳಿ ಬದಲಿಸುವ ಕೆಲಸ ಮಾಡಿ ಮಾಡಿ ಅಂಗೈ ದಪ್ಪಗಾಗಿತ್ತು. ಒಲೆಯ ಬದಿಗೆ ಬೋರಲು ಹಾಕಿದ್ದ ಕಪ್ಪುಗಳ ಸಾಲನ್ನು ನೋಡಿದ. ಆಯಿ ಒಂದು ಕೈಯಿಂದ ಇನ್ನೊಂದು ರಟ್ಟೆ ಹಿಡಿದುಕೊಂಡು ಹಾಲು ಕಾಯಿಸುತ್ತಿದ್ದುದನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಬಾಯಾರ, ನಿಮ್ಮ ಉಪಕಾರ ಭಾಳ ದೊಡ್ಡದು. ಆದ್ರ ಸಿಟ್ಟಿಗೇಳಬ್ಯಾಡ್ರಿ, ಒಂದು ಮಾತು. ಮೊದಲ ಸಣ್ಣವ್ವ ಒಬ್ಬಾಕಿನ್ನ ನೋಡ್ತಿದ್ದಳು. ಈಗ ನಾಲ್ಕು ಮಂದಿನ್ನ ನೋಡಾಕತ್ಯಾಳ.”

ನನ್ನ ಕೈಯಲ್ಲಿ ಆಕೆ ಕೊಟ್ಟ ಕಪ್ಪೇ ಇತ್ತು.

“ಆಶ್ರಮದಾಗ ಮಾತಾಡಿ ಇಟ್ಟೀನಿ,” ಎಂದು ಆತ ಆಯಿಗೆ ಹೇಳಿದ. “ಊಟ ಅದ, ಹಾಸಿಗಿ ಅದ, ಹೆಣ್ಣುಮಕ್ಕಳು ನೋಡ್ಕೋತಾರ. ಹಬ್ಬ ಆದ ಮ್ಯಾಲ ಬರ್ತೀನಿ.” ಆಯಿ ಹಾಲಿನ ಪಾತ್ರೆಯನ್ನು ಇಳಿಸಿದಳು. ಇಳಿಸುವಾಗ ಸ್ವಲ್ಪ ಒಲೆಗೆ ಚೆಲ್ಲಿತು.

ಆತನನ್ನು ಬಸ್ಸಿನ ತನಕ ಕಳಿಸಲು ಆಯಿ ಹೋದಾಗ ನಾನೂ ಮಗಳೂ ಇಬ್ಬರೇ ಉಳಿದೆವು. ಆಕೆ ಗೋಣಿ ಚೀಲದ ಮೇಲೆ ಜಾರಿಕೊಂಡು ನನ್ನ ಹತ್ತಿರ ಬಂದಳು. ಸೂಜಿಯನ್ನು ಕೌದಿಗೆ ಚುಚ್ಚಿ ಇಟ್ಟಳು.

“ವೈನಿ, ಒಂದು ಕೇಳ್ಲೇನು? ನಿಮ್ಮ ಬಾಣಂತನದಾಗ ಅವ್ವ ನಿಮ್ಮ ಮನಿಗಿ ಯಾವ ಬಾಗಿಲಲೆ ಬರ್ತಿದ್ದಳು?”

“ಹಿತ್ತಲ ಬಾಗಿಲಲೆ.”

“ಬಂದ ಕೂಡ್ಲೇ ಚಹಾ ಕುಡೀತಿದ್ದಳೇನು?”

“ಇಲ್ಲವ್ವ, ಎರದು ಮುಗಿಯೋ ತನಕ ಏನೂ ಮುಟ್ಟತಿದ್ದಿಲ್ಲ.”

“ನೀವು ಆಕಿ ಮುಂದ ಹೊಲಸ ಸೀರ್ಯಾಗ, ಕೂದಲ ಕೆದರಿಕೊಂಡು ಕುಂದರ್ತಿದ್ದಿರಿ. ನಾಚಿಕಿ ಬರ್ತಿತ್ತೇನು?”

ಇಲ್ಲ ಎಂದೆ. ನಾಚಿಕೆ ಎಂಬುದು ನೆನಪಿಗೇ ಬಂದಿರಲಿಲ್ಲ.

“ಮತ್ತ ನೀವು ದಿನಾ ಮುಂದಿನ ಬಾಗಿಲಲೆ ಬರ್ತೀರಿ, ಜರಿ ಅಂಚಿನ ಸೀರಿ ಉಟ್ಕೊಂಡು. ಮುಂದಿನ ಬಾಗಿಲಲೆ ಬಂದವರು ಬೀಗರು. ಬೀಗರ ಮುಂದ ಮಗಳನ್ನ ಹಂಗ ಕೂಡಸ್ತಾಳೇನು ಆಕಿ?” ನಕ್ಕಳು. “ಆಶ್ರಮಕ್ಕ ಹೋಗೋದು ನನಗ ಅಂಜಿಕಿ ಇಲ್ರಿ. ಅಲ್ಲಿ ನೆಲ ಹ್ಯಾಂಗಿರ್ತದೋ ಏನೋ. ಸಿಮೆಂಟಿನ ನೆಲ ಜಾರಂಗಿಲ್ಲ.”

ಮೊದಲ ಸಲ ಆಕೆಯ ನಗೆಯ ಹಿಂದೆ ಇನ್ನೇನೋ ಇದ್ದುದು ಕಂಡಿತು. ಇಷ್ಟು ದಿನ ನಾವೆಲ್ಲ ಆಕೆಯ ತಾಯಿಯನ್ನೇ ಕೇಳುತ್ತಿದ್ದೆವು, ಊರನ್ನೆಲ್ಲ ಕೇಳಿದ್ದೆವು.

ಮರುದಿನ ನಾನು ಹಳೆಯ ನೂಲಿನ ಸೀರೆ ಉಟ್ಟೆ. ಉಂಗುರ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದೆ. ಎಣ್ಣೆಗೈಯಲ್ಲಿ ಉಂಗುರ ಇದ್ದರೆ ಮೈ ಗೀರುತ್ತದೆ ಎಂದು ಆಯಿಯೇ ಹಿಂದೊಮ್ಮೆ ನಮ್ಮ ಅತ್ತೆಗೆ ಹೇಳಿದ್ದಳು. ಆಪಾ ಬುರ್ಖಾ ಹಾಕಿಕೊಂಡು ಬಂದಳು. ಓಣಿಯ ಹಿಂದುಗಡೆಯಿಂದ, ಎಮ್ಮೆ ಕಟ್ಟುವ ಜಾಗ ದಾಟಿ, ಆಯಿಯ ಹಿತ್ತಲಿಗೆ ಹೋದೆವು. ಬೇವಿನ ಗಿಡದ ಕೆಳಗೆ ಒಲೆ; ತೊಗರಿ ಕಟ್ಟಿಗೆ ಆಗ ತಾನೇ ಹೊತ್ತಿಕೊಂಡಿತ್ತು, ಹಂಡೆಯ ನೀರು ಇನ್ನೂ ಹಬೆಯಾಡುತ್ತಿರಲಿಲ್ಲ. ಬಾಗಿಲು ನೂಕಿದರೆ ತೆರೆದೇ ಇತ್ತು.

ಆಯಿ ಒಂದು ಕೈಯಲ್ಲಿ ಚಹಾದ ಪಾತ್ರೆ ಹಿಡಿದು ಮುಂಬಾಗಿಲ ಕಡೆ ನೋಡುತ್ತಿದ್ದವಳು ಸಪ್ಪಳಕ್ಕೆ ತಿರುಗಿದಳು. ನಾನು ಮಾತಾಡಲಿಲ್ಲ. ಆಕೆಯ ಹಾಗೆಯೇ ನೇರ ಬಚ್ಚಲಿಗೆ ಹೋಗಿ ಸೀರೆ ಎತ್ತಿ ಸಿಕ್ಕಿಸಿದೆ. ಆಪಾ ಬುರ್ಖಾ ತೆಗೆದು ಗೂಟಕ್ಕೆ ಹಾಕಿ ತೋಳು ಮೇಲೇರಿಸಿದಳು. ಆಯಿ ನನ್ನ ಸೆರಗಿನ ಗಂಟನ್ನೂ, ಬರಿದಾದ ಬೆರಳನ್ನೂ ನೋಡಿದಳು. ಆಮೇಲೆ ಚಹಾದ ಪಾತ್ರೆಯನ್ನು ಒಲೆಯ ಮೇಲಿಡದೆ ಕೆಳಗಿಟ್ಟು, ಬಚ್ಚಲ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಮಗಳು ರಾತ್ರಿಯ ಸೀರೆಯಲ್ಲಿ, ಕೆದರಿದ ತಲೆಯಲ್ಲಿ ಜಾರಿಕೊಂಡು ಬಂದಳು. ಚಾದರದ ಮಡಿಕೆ ಕೊನೆಗೂ ಬಿಚ್ಚಿತು. ಆಪಾ ಒಂದು ಕಡೆ, ನಾನೊಂದು ಕಡೆ.

“ಆಪಾ, ಜ್ವಾಕಿ,” ಎಂದಳು ಮಗಳು. “ಕಾಲು ಹಗುರ ಅವ. ನಾಲಿಗಿನೇ ಭಾರ ಅದ.”

“ನಿನ್ನ ನಾಲಿಗಿ ಎತ್ತಾಕ ಇನ್ನಿಬ್ಬರು ಬೇಕಾಗ್ತಾರ, ಸುಮ್ಕ ಕುಂದರು.”

ಆಯಿ ಮೆಟ್ಟಿಲ ಮೇಲೆ ಕುಳಿತಳು. ಕುಳಿತವಳು ಸುಮ್ಮನಿರಲಿಲ್ಲ. ನೀರು ಒಮ್ಮೆಲೇ ಸುರಿಯಬೇಡಿರಿ ಎಂದಳು, ಬೆನ್ನಿನ ಮೇಲೆ ಇಳಿಬಿಡಿರಿ ಎಂದಳು, ಕುತ್ತಿಗೆಯ ಹಿಂದೆ ಎಣ್ಣೆ ಉಳಿಯಿತು ಎಂದಳು.

“ಬೈರಿ ಆಯಿ, ಬೈರಿ,” ಎಂದಳು ಆಪಾ. “ಆರು ಬಾಣಂತನದಾಗ ನೀರು ಸುಡ್ತದ ಅಂತ ನಾ ನಿಮಗ ಬೈದಿದ್ದೆಲ್ಲಾ ಇವತ್ತ ವಸೂಲ್ ಮಾಡ್ಕೋರಿ.”

ಆಯಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಹಬೆಯಲ್ಲಿ ನನಗೆ ತಿಳಿಯಲಿಲ್ಲ.

ಎರೆದು ಮುಗಿದ ಮೇಲೆ ನಾವು ಹಿತ್ತಲ ಮೆಟ್ಟಿಲ ಮೇಲೆ ನಿಂತು ಅರ್ಧ ಅರ್ಧ ಕಪ್ಪು ಚಹಾ ಕುಡಿದೆವು. ಸುಸಲಾ ಇರಲಿಲ್ಲ. ಹೊರಡುವಾಗ ಆಯಿ ಗೋಡೆಯ ಗೂಡಿನಿಂದ ತನ್ನ ಹಿತ್ತಾಳೆ ಬಟ್ಟಲು ತೆಗೆದು ಆಪಾಳ ಕೈಗಿಟ್ಟಳು. ಬಳಸಿ ಬಳಸಿ ಅದರ ಅಂಚು ಒಂದು ಕಡೆ ತೆಳ್ಳಗಾಗಿತ್ತು.

“ನಾಳಿ ಯಾರು ಬರ್ತಾರೋ ಅವರ ಮನಿಗಿ ಕೊಡ್ರಿ. ಎರಿಯಾಕ ಹೋಗೋರ ಕೈಯಾಗ ಇದು ಇರಬೇಕು. ಖಾಲಿ ಬಟ್ಟಲ ಮಾತ್ರ ಯಾರಿಗೂ ಕೊಡಬ್ಯಾಡ್ರಿ.”

ಒಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ಎಲ್ಲ ಮನೆಗಳಲ್ಲೂ ಇದ್ದ ರೂಢಿಯೇ. ಆಪಾ ಕುಸುಬಿ ಎಣ್ಣೆ ತುಂಬಿ ಅಡತಿಯವರ ಸೊಸೆಗೆ ಕೊಟ್ಟಳು. ಆಕೆ ಎರೆದು ಬಂದು, ಎಳ್ಳೆಣ್ಣೆ ತುಂಬಿ ತನ್ನ ಓರಗಿತ್ತಿಗೆ ಕೊಟ್ಟಳು. ಓರಗಿತ್ತಿ, ಆಯಿ ಎರೆದಿದ್ದ ಇನ್ನೊಂದು ಮನೆಗೆ. ಅಡುಗೆ ಮನೆಯ ಗೂಡಿನಲ್ಲಿ ಬಟ್ಟಲು ಕುಳಿತಿದ್ದರೆ ನಾಳಿನ ಪಾಳಿ ನಮ್ಮದು, ಅಷ್ಟೆ ಲೆಕ್ಕ. ಹಿತ್ತಲ ಬಾಗಿಲಿನಿಂದ ಹೋಗುವುದು, ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು. ಮುಟ್ಟಾದವರು, ಮನೆಯಲ್ಲಿ ಕೂಸಿಗೆ ಜ್ವರ ಬಂದವರು ಪಕ್ಕದ ಮನೆಗೆ ದಾಟಿಸುತ್ತಿದ್ದರು. ಒಂದು ಸಲ ಬಟ್ಟಲು ಎರಡು ಓಣಿ ಆಚೆ ಹೋಗಿ, ಬೆಳಿಗ್ಗೆ ಯಾರೂ ಬರದೆ, ನಾನೂ ಆಪಾ ಓಡಿದ್ದೂ ಉಂಟು.

ಹಬ್ಬ ಮುಗಿಯಿತು. ವಾಡಿಯ ಆತ ಹೇಳಿದಂತೆ ಬಂದ, ಮಗಳ ಬಟ್ಟೆ ತುಂಬಲು ಒಂದು ಟ್ರಂಕನ್ನೂ ತಂದ. ಆತ ಬರುವ ಹೊತ್ತಿಗೆ ನಾನು ಬಚ್ಚಲಲ್ಲಿದ್ದೆ. ನಡುಗೋಡೆಯ ಆಚೆಯ ಮಾತೆಲ್ಲ ಕೇಳುತ್ತಿತ್ತು. ಆಯಿ ಮುಂಬಾಗಿಲ ಬಿಸಿಲಿನಲ್ಲಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕುಳಿತಿದ್ದಳು.

“ಕುಂದರೋ. ಒಳಗ ಎರಿಯಾಕತ್ಯಾರ.”

ಟ್ರಂಕು ನೆಲಕ್ಕಿಟ್ಟ ಸದ್ದಾಯಿತು. ನಮ್ಮ ಚೊಂಬಿನ ಸಪ್ಪಳ, ಒಳಗಿನ ನಗೆ ಆತನಿಗೂ ಕೇಳಿರಬೇಕು. ಕೊನೆಗೆ, “ಈಗ ಬರ್ತಾರ ಸಣ್ಣವ್ವ, ಖರೇ. ನೀ ಹೋದ ಮ್ಯಾಲ?” ಎಂದ.

ಮೊರದಲ್ಲಿ ಬೇಳೆ ಒಮ್ಮೆ ಹಾರಿ ಬಿದ್ದ ಸದ್ದು.

“ನನ್ನ ಬಟ್ಟಲ ಇವತ್ತ ಯಾರ ಮನ್ಯಾಗ ಅದ ಹೇಳು ಅಂದ್ರ ನನಗ ಗೊತ್ತಿಲ್ಲ. ನಾ ಇದ್ದಾಗೇ ಅದು ನನ್ನ ಕೇಳಿ ತಿರುಗಂಗಿಲ್ಲ. ನಾ ಹೋದ ಮ್ಯಾಲ ಕೇಳ್ತದೇನು?”

ಆಮೇಲೆ ನಾವು ಮಗಳನ್ನು ಉಡಿಸಿ, ಲೋಬಾನದ ಹೊಗೆ ಹಿಡಿದು ಒಳಮನೆಗೆ ತಂದೆವು. ಆತ ಟ್ರಂಕಿನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಬಂದಾಗಿನಿಂದ ಕೇಳದಿದ್ದುದನ್ನು ಕೇಳಿದ. “ತಂಗಿ, ನಿನಗೇನು ಬೇಕವ್ವ?”

“ಆ ಬೇವಿನ ಗಿಡದ ನೆರಳಿಗಿ ಹೋಗಬೇಕು ಅಣ್ಣಾ. ಕಿಟಕ್ಯಾಗಿಂದ ಅರ್ಧಾ ಗಿಡನೇ ಕಾಣ್ತದ. ಮ್ಯಾಲಿನ ಅರ್ಧಾ ನಾ ನೋಡೇ ಇಲ್ಲ.”

ಟ್ರಂಕನ್ನು ಆತ ವಾಪಸು ಒಯ್ಯಲಿಲ್ಲ. ಮಗಳು ಅದರಲ್ಲಿ ಕೌದಿಯ ಚಿಂದಿಗಳನ್ನು ತುಂಬಿದಳು. ಮುಂದಿನ ರಜೆಗೆ ಗುಜರಿ ಅಂಗಡಿಯಿಂದ ಒಂದು ದಪ್ಪನೆಯ ಪೈಪು ತಂದು, ಶಹಾಬಾದಿನ ಡಾಕ್ಟರು ಹೇಳಿದಂತೆ ಬಚ್ಚಲ ಗೋಡೆಗೆ ಎದೆಯೆತ್ತರಕ್ಕೆ ಕೂಡಿಸಿದ. ಆಮೇಲೆ ಹಿತ್ತಲ ಮೆಟ್ಟಿಲುಗಳ ಮೇಲೆ ಎರಡು ದೊಡ್ಡ ಫರಸಿಗಳನ್ನು ಇಳಿಜಾರಾಗಿ ಹಾಸಿ, ಕೂಡಿದ ಕಡೆ ಗಾರೆ ಮೆತ್ತಿದ. ಗಾರೆ ಒಣಗುವ ತನಕ ಮಗಳು ಹೊಸ್ತಿಲಲ್ಲೇ ಕುಳಿತು ಅವನಿಗೆ ಬೇಗ ಬೇಗ ಎನ್ನುತ್ತಿದ್ದಳು. ಒಣಗಿದ ದಿನ ಗೋಣಿ ಚೀಲದ ಮೇಲೆ ಕುಳಿತು, ಸರ್ರನೆ ಜಾರಿ, ಬೇವಿನ ಬುಡದ ತನಕ ಹೋದಳು. ತಲೆ ಹಿಂದಕ್ಕೆ ಹಾಕಿ ಮೇಲಿನ ಅರ್ಧ ಗಿಡವನ್ನು ನೋಡಿದಳು. ನಾವೂ ನೋಡಿದೆವು. ಒಂದು ಕಾಗೆಯ ಗೂಡಿತ್ತು.

ಇದೆಲ್ಲ ನಮ್ಮ ಕಲ್ಲಿನ ಮೇಲೆ ಕುಳಿತವರ ಕಿವಿಗೂ ಬಿತ್ತು. ಕುರಕುಂಟಾದಿಂದ ಬಂದ ಒಬ್ಬ ರೈತ, ತನ್ನ ತಂದೆಗೆ ಲಕ್ವಾ ಹೊಡೆದದ್ದನ್ನು ಹೇಳಿ, “ಬಟ್ಟಲ ನಮ್ಮೂರಿಗೂ ಕೊಡ್ತೀರೇನ್ರಿ?” ಎಂದು ಕೇಳಿದ. ಬಟ್ಟಲು ನಿಮ್ಮೂರಿನದೇ ಇರಲಿ, ನಿಮ್ಮ ತಂದೆಯ ಕೈಯಿಂದ ಉಪಕಾರ ಪಡೆದವರು ಯಾರಿದ್ದಾರೆ ನೆನಪು ಮಾಡಿಕೊಳ್ಳಿ ಎಂದೆ. ಗಂಡಸರಿಗೆ ಕ್ಷೌರದವರು, ಗರಡಿಯ ಹುಡುಗರು ಒದಗಿದರು. ಕೆಲವು ಕಡೆ ನಡೆಯಿತು, ಕೆಲವು ಕಡೆ ನಾಲ್ಕು ದಿನಕ್ಕೆ ನಿಂತಿತು. ಯಾವ ಡಾಕ್ಟರು, ಯಾವ ಕಾಗದ, ಯಾವ ಬಸ್ಸು ಎಂದು ಹೇಳುವುದರ ಜೊತೆಗೆ, ಹಿತ್ತಲ ಬಾಗಿಲಿನಿಂದ ಯಾರು ಬರಬಲ್ಲರು ಎಂದೂ ಕೇಳುವುದು ನನಗೆ ರೂಢಿಯಾಯಿತು.

ಕೆಲವು ವರ್ಷಗಳ ಮೇಲೆ ನಮಗೆ ಚಿಂಚೋಳಿಗೆ ವರ್ಗವಾಯಿತು. ಆ ಹೊತ್ತಿಗೆ ಆಯಿ ಹೆಚ್ಚಾಗಿ ಹಾಸಿಗೆಯಲ್ಲೇ ಇರುತ್ತಿದ್ದಳು. ಮಗಳ ಜಳಕಕ್ಕೆ ಬಂದವರು ಆಕೆಗೂ ಎರೆಯುತ್ತಿದ್ದರು; “ಮೊದಲ ಅವ್ವಗ,” ಎಂದು ಮಗಳು ಪೈಪು ಹಿಡಿದು ತಾನೇ ಸರಿದು ಜಾಗ ಬಿಡುತ್ತಿದ್ದಳು. ನೀರು ತಣ್ಣಗಾಗಿದೆ ಎಂದು ಆಯಿ ದಿನವೂ ಬೈಯುತ್ತಿದ್ದಳು.

ಸಾಮಾನು ಲಾರಿಗೆ ಹೇರುವ ದಿನ ಬೆಳಿಗ್ಗೆ, ಹೇಳಿ ಬರೋಣವೆಂದು ಹೊರಟೆ. ಕಾಲು ತಾನಾಗಿ ಹಿಂದಿನ ಓಣಿ ಹಿಡಿಯಿತು. ಬೇವಿನ ಗಿಡದ ಕೆಳಗೆ ಹಂಡೆ ಕುದಿಯುತ್ತಿತ್ತು. ಇಳಿಜಾರು ಫರಸಿಯ ನಡುವೆ ಒಂದು ಹೊಸ ಹೊಳಪಿನ ದಾರಿ ಮೂಡಿತ್ತು. ಬಾಗಿಲಲ್ಲಿ, ಸೀರೆ ಮೇಲೆ ಸಿಕ್ಕಿಸಿ, ಕೈಯಲ್ಲಿ ಹಿತ್ತಾಳೆ ಬಟ್ಟಲು ಹಿಡಿದ ಒಬ್ಬ ಹುಡುಗಿ ನಿಂತಿದ್ದಳು. ಹೊಸದಾಗಿ ಮದುವೆಯಾಗಿ ಬಂದವಳಿರಬೇಕು. ಆಕೆಯನ್ನು ನಾನು ಎಂದೂ ನೋಡಿರಲಿಲ್ಲ. ಆಕೆಗೂ ನನ್ನ ಗುರುತಿಲ್ಲ.

“ಯಾರು ಬೇಕಾಗಿತ್ರಿ?” ಎಂದಳು.

ಒಳಗಿನಿಂದ ಆಯಿಯ ದನಿ ಬಂತು, ಮೊದಲಿಗಿಂತ ಸಣ್ಣದಾಗಿ. “ಯಾರವ್ವ ಅದು?”

“ನಾನ್ರಿ ಆಯಿ. ಲಾರಿ ಬಂದದ. ಹೇಳಿ ಹೋಗೋಣಂತ ಬಂದೆ.”

ಆಯಿ ಒಳಗಿನಿಂದಲೇ ಹೇಳಿದಳು:

“ಹಂಗಾದ್ರ ಈ ಬಾಗಿಲಲೆ ಬರಬ್ಯಾಡ್ರಿ ಬಾಯಾರ. ಊರು ಬಿಟ್ಟು ಹೋಗೋರು ನೀವು. ಮುಂದಿನ ಬಾಗಿಲಲೆ ಬರ್ರಿ.”

ನಾನು ಹಿತ್ತಲಿನಿಂದ ಹೊರಬಿದ್ದು, ಎಮ್ಮೆ ಕಟ್ಟುವ ಜಾಗ ದಾಟಿ, ಓಣಿ ಸುತ್ತಿ ಮುಂಬಾಗಿಲಿಗೆ ಬಂದೆ. ಅಷ್ಟರಲ್ಲಿ ಮಗಳು ಜಾರಿಕೊಂಡು ಒಲೆಯ ಹತ್ತಿರ ಹೋಗಿ ಚಹಾಕ್ಕೆ ಇಟ್ಟಿದ್ದಳು. ಕೌದಿ ಹಾಸಿತ್ತು. ಒಳಗೆ ಬಚ್ಚಲಲ್ಲಿ ಆ ಹುಡುಗಿ ನೀರು ಹದ ಮಾಡುತ್ತಿದ್ದಳು. ಬಿಸಿಯಾಗಿಲ್ಲ, ಇನ್ನೊಂದು ಚೊಂಬು ಹಾಕು ಎಂದು ಆಯಿ ಬೈಯುವುದು ಕೇಳುತ್ತಿತ್ತು. ಲಾರಿಯವನು ಕಾಯಲಿ ಎಂದುಕೊಂಡು, ನಾನು ಕಾಲು ಮಡಚಿ ಕುಳಿತು, ಕಪ್ಪಿನ ತುಂಬ ಚಹಾ ಕುಡಿದೆ.